ಅಪ್‌ಡೇಟ್: ಸೇಬಿನ ಪೈ ತಳ ಕೊನೆಗೂ ಗರಿಗರಿಯಾಯಿತು

ಒಟಿಜಿಯಲ್ಲಿ (ಮನೆಬಳಕೆಯ ಪುಟ್ಟ ವಿದ್ಯುತ್ ಓವನ್) ಇಟ್ಟ ಸೇಬಿನ ಪೈ (ಹಿಟ್ಟಿನ ಹೊದಿಕೆಯೊಳಗೆ ಸೇಬಿನ ಹೂರಣ ತುಂಬಿ ಬೇಯಿಸುವ ತಿನಿಸು) ಮೇಲೆ ಕೆಂಪಗಾದರೂ ತಳ ಹಸಿಹಿಟ್ಟಾಗಿಯೇ ಉಳಿಯುತ್ತದೆ ಎಂದು ಹಿಂದೆ ಇಲ್ಲಿ ಪರಿಹಾರ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಕೈಹಿಡಿದದ್ದು ದೋಸೆ ಕಾವಲಿಯ ಸಲಹೆ. ಕಬ್ಬಿಣದ ಕಾವಲಿಯನ್ನು ಕೆಳಗಿನ ಜಾಲರಿಯ ಮೇಲೆ 220 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಅದರ ಮೇಲೆಯೇ ಪೈ ಇದ್ದ ಅಲ್ಯೂಮಿನಿಯಂ ತಟ್ಟೆಯನ್ನು ಇಟ್ಟೆ. 20 ನಿಮಿಷದ ನಂತರ ಉರಿಯನ್ನು 190ಕ್ಕೆ ಇಳಿಸಿದೆ. ಹೆಚ್ಚಿದ ಸೇಬಿಗೆ ಸಕ್ಕರೆ, ನಿಂಬೆರಸ ಬೆರೆಸಿಟ್ಟು, ಬಿಟ್ಟುಕೊಂಡ ನೀರನ್ನು ಬಸಿದು, ಪಾಕದಂತೆ ಕುದಿಸಿ ಮತ್ತೆ ಸೇರಿಸಿ ಎಂದವರಿಗೂ ದೊಡ್ಡ ನಮಸ್ಕಾರ. ಅಷ್ಟೂ ನೀರು ಮೊದಲು ತಳಕ್ಕೇ ಇಳಿಯುತ್ತಿತ್ತು!

ತಳಕ್ಕೆ ರವೆ ಉದುರಿಸುವ ಉಪಾಯ ನನಗೆ ಫಲಿಸಲಿಲ್ಲ. ಬಾಯಿಗೆ ಸಜ್ಜಿಗೆ ಸಿಕ್ಕಿತು. ಕಾರ್ನ್‌ಫ್ಲೋರ್ ಹೆಚ್ಚಿಸಿದಾಗ ಹೂರಣ ಅಂಟಂಟಾಯಿತು.

ಗೊತ್ತೇ ಇರದ ಸಂಗತಿಯೆಂದರೆ, ಬಣ್ಣ ನೋಡಿ ಹೊರತೆಗೆಯಬಾರದು. ಮೇಲಿನ ಹಿಟ್ಟಿನ ಹೊದಿಕೆಯ ಸೀಳುಗಳಲ್ಲಿ, ಅದರಲ್ಲೂ ನಡುವಿನಲ್ಲಿ, ರಸ ದಪ್ಪ ಗುಳ್ಳೆಗಳಾಗಿ ಕುದಿಯಬೇಕು. ಕಾರ್ನ್‌ಫ್ಲೋರ್ ಗಟ್ಟಿಯಾಗುವುದು ಆ ಶಾಖಕ್ಕೇ. ಅಂಚು ಕಪ್ಪಗಾಗುತ್ತಿದ್ದರೆ ಫಾಯಿಲ್ ಮುಚ್ಚಿ. ಆಮೇಲೆ ಮೂರು ಗಂಟೆ ಆರಲು ಬಿಡಬೇಕು. ಮನೆಮಂದಿಯನ್ನು ಅಲ್ಲಿಯವರೆಗೆ ತಡೆಯುವುದೇ ಕಷ್ಟದ ಕೆಲಸ.

ಗಾಜಿನ ತಟ್ಟೆ ಬಳಸುವವರು ಕಾದ ಕಾವಲಿಯ ಮೇಲೆ ಇಡಬೇಡಿ, ಒಡೆಯಬಹುದು.