ಮಂಡಿನೋವು, ಅಂಗೈನೋವು: ಸೈಕಲ್ ಸೀಟಿನಲ್ಲಿ ಮೊದಲು ಏನನ್ನು ಸರಿಪಡಿಸಬೇಕು?

ಪ್ರಶ್ನೆ:
ಕುಳಿತಲ್ಲಿಂದಲೇ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿನಲ್ಲಿ ನನ್ನ ಸೈಕಲ್ಲಿನ ಸೀಟು ಇದೆ. ಸ್ವಲ್ಪ ದೂರ ತುಳಿಯುವಷ್ಟರಲ್ಲಿ ಮಂಡಿಯ ಮುಂಭಾಗ ನೋಯತೊಡಗುತ್ತದೆ. ತೊಡೆಸಂದಿನಲ್ಲಿ ಜೋಮು ಹಿಡಿಯುತ್ತಿದ್ದುದರಿಂದ ಸೀಟಿನ ಮೂತಿಯನ್ನು ಕೆಳಕ್ಕೆ ಬಾಗಿಸಿದ್ದೇನೆ. ಅಂದಿನಿಂದ ಅಂಗೈಗಳೂ ನೋಯುತ್ತಿವೆ. ಯಾವುದನ್ನು ಮೊದಲು ಸರಿಪಡಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಎತ್ತರವನ್ನೇ ಮೊದಲು ನೋಡಿ. ಸೀಟು ತಗ್ಗಾಗಿದ್ದರೆ ಪ್ರತಿ ಸುತ್ತಿನಲ್ಲೂ ಮಂಡಿ ಅತಿಯಾಗಿ ಮಡಚಿಕೊಂಡು, ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಮುಂಭಾಗದ ನೋವಿಗೆ ಸಾಮಾನ್ಯವಾಗಿ ಇದೇ ಕಾರಣ. ಗೋಡೆಗೆ ಕೈಯಾನಿಸಿ ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯನ್ನಿಡಿ. ಆಗ ಸೊಂಟ ವಾಲದೆ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗವನ್ನು ಪೆಡಲ್ ಮೇಲೆ ಇಡುವುದರಿಂದ, ಮಂಡಿಯಲ್ಲಿ ತಾನಾಗಿಯೇ ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗು ಉಳಿಯುತ್ತದೆ.

ಅಳತೆ ಬೇಕೆನ್ನುವವರು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲದವರೆಗಿನ ಉದ್ದವನ್ನು 0.883ರಿಂದ ಗುಣಿಸುತ್ತಾರೆ. ಆ ಉದ್ದ 80 ಸೆಂ.ಮೀ. ಇದ್ದರೆ, ಕ್ರ್ಯಾಂಕ್ (ಪೆಡಲನ್ನು ಹಿಡಿದಿರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ 70.6 ಸೆಂ.ಮೀ. ಬರುತ್ತದೆ. ಇದು ಆರಂಭಕ್ಕೆ ಸಾಕು, ಅಂತಿಮ ತೀರ್ಪಲ್ಲ. ಮಂಡಿಯ ಹಿಂಭಾಗ ನೋಯತೊಡಗಿದರೆ, ಇಲ್ಲವೇ ಸೊಂಟ ಅತ್ತಿತ್ತ ತೂಗಿದರೆ, ಎತ್ತರ ಹೆಚ್ಚಾಯಿತೆಂದು ತಿಳಿಯಿರಿ. ಒಮ್ಮೆಗೆ 5 ಮಿ.ಮೀ.ಗಿಂತ ಹೆಚ್ಚು ಬದಲಿಸದೆ, ಕೆಲವು ದಿನ ತುಳಿದು ನೋಡಿ. ಸೀಟಿನ ಕಂಬದ ಮೇಲೆ ಕೊರೆದಿರುವ ಕನಿಷ್ಠ ಆಳದ ಗುರುತು ಯಾವ ಕಾರಣಕ್ಕೂ ಹೊರಗೆ ಕಾಣಬಾರದು. ಕಂಬವೋ ಫ್ರೇಮೋ ಮುರಿದೀತು.

ಉತ್ತರ 2:
ಅಂಗೈನೋವಿಗೆ ಬಾಗಿದ ಮೂತಿಯೇ ಕಾರಣವಿರಬೇಕು. ದೇಹ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಕೆಲಸ ಕೈಗಳ ಮೇಲೆ ಬೀಳುತ್ತದೆ. ಸಮತಟ್ಟಾದ ನೆಲದಲ್ಲಿ ಸೈಕಲ್ ನಿಲ್ಲಿಸಿ, ಸೀಟಿನ ಮೇಲೆ ಉದ್ದಕ್ಕೆ ರಸಮಟ್ಟವಿಟ್ಟು ಸಮ ಮಾಡಿ. ಜೋಮು ಮತ್ತೆ ಬಂದರೆ ಒಂದೆರಡು ಡಿಗ್ರಿ ಮಾತ್ರ ತಗ್ಗಿಸಿ. ಅದಕ್ಕೂ ಹೋಗದಿದ್ದರೆ ಸೀಟಿನ ಅಗಲ ನಿಮ್ಮ ಕೂರುವ ಮೂಳೆಗಳಿಗೆ ಹೊಂದುತ್ತಿಲ್ಲವೆಂದೇ ಅನುಮಾನಿಸಬೇಕು. ದಪ್ಪ ಮೆತ್ತೆಯ ಸೀಟು ಇದಕ್ಕೆ ಪರಿಹಾರವಲ್ಲ, ಮೂಳೆಗಳು ಅದರಲ್ಲಿ ಹೂತು ನಡುಭಾಗಕ್ಕೇ ಒತ್ತಡ ಹೆಚ್ಚುತ್ತದೆ.

ಸೀಟನ್ನು ಹಿಂದಕ್ಕೆ ಸರಿಸಿದರೆ ಪೆಡಲಿಗೂ ಅದಕ್ಕೂ ಇರುವ ದೂರ ಹೆಚ್ಚುವುದರಿಂದ, ಎತ್ತರವನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆಳೆಯುವುದು ನನ್ನ ಮಟ್ಟಿಗೆ ಸರಿಯಲ್ಲ, ಅದಕ್ಕೆ ಹ್ಯಾಂಡಲಿನ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿನ ಮುಂಭಾಗಕ್ಕೆ ಜೋಡಿಸುವ ತುಂಡು) ಬದಲಿಸಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸೀಟು ಏರಿಸಿದರೆ ನಿಲ್ಲಿಸುವಾಗ ಕಾಲು ನೆಲಕ್ಕೆ ಎಟುಕದಲ್ಲವೇ?

ಉತ್ತರ 1:
ಎಟುಕುವುದಿಲ್ಲ, ಎಟುಕಬೇಕಾಗಿಯೂ ಇಲ್ಲ. ಬ್ರೇಕ್ ಹಿಡಿಯುತ್ತಾ ಕೆಳಗಿರುವ ಪೆಡಲಿನ ಮೇಲೆ ಭಾರ ಹಾಕಿ, ಸೀಟಿನಿಂದ ಮುಂದಕ್ಕೆ ಇಳಿದು, ಇನ್ನೊಂದು ಕಾಲನ್ನು ನೆಲಕ್ಕೂರಿ. ವಾಹನಗಳಿಲ್ಲದ ಜಾಗದಲ್ಲಿ ಮೊದಲು ಅಭ್ಯಾಸ ಮಾಡಿಕೊಳ್ಳಿ.