ಅಪ್‌ಡೇಟ್: 12 ಜನ, ಒಂದೇ ಓಟಿಜಿ

ಹೋದ ವಾರ ಕೇಳಿದ್ದೆನಲ್ಲ, ಕ್ರಿಸ್‌ಮಸ್ ಊಟಕ್ಕೆ 12 ಜನ ಬರ್ತಿದ್ದಾರೆ, ಇರೋದು ಒಂದೇ ಪುಟ್ಟ ಓಟಿಜಿ (ಮೇಜಿನ ಮೇಲಿಡೋ ಕರೆಂಟ್ ಓವನ್), ಕೇಕೂ ಕೋಳಿಯೂ ಹೇಗೆ ಅಂತ. ನೀವು ಹೇಳಿದ ಹಾಗೆ ಕೇಕನ್ನು 23ಕ್ಕೇ ಮುಗಿಸಿದೆ. ಬೆಂಗಳೂರಿನ ರಸೆಲ್ ಮಾರ್ಕೆಟ್‌ನಿಂದ ಎರಡು ಇಡೀ ಕೋಳಿ ತಂದು, ಮೊಸರು, ಕಾಳುಮೆಣಸು, ಬೆಳ್ಳುಳ್ಳಿ ಸವರಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ.

ಮೊದಲನೆಯದು ಮೇಲೆಲ್ಲ ಕೆಂಪಗೆ, ಚೆಂದ. ತೊಡೆಯ ಸಂದಿಗೆ ಚಾಕು ಚುಚ್ಚಿದರೆ ಗುಲಾಬಿ ಬಣ್ಣದ ನೀರು, ಒಳಗೆ ಇನ್ನೂ ಬೆಂದಿಲ್ಲ! ಫ್ರಿಜ್‌ನಿಂದ ತೆಗೆದು ತಣ್ಣಗಿದ್ದದ್ದನ್ನೇ ಒಳಗೆ ತಳ್ಳಿದ್ದು ನನ್ನದೇ ತಪ್ಪು. ಎದೆಗೆ ಫಾಯಿಲ್ ಹೊದಿಸಿ ಇನ್ನೂ 25 ನಿಮಿಷ ಇಟ್ಟ ಮೇಲೆ ನೀರು ತಿಳಿಯಾಯ್ತು.

ಅಷ್ಟರಲ್ಲಿ ನೆಂಟರು ಬಾಗಿಲಲ್ಲಿ. ಎರಡನೆಯದನ್ನು ತುಂಡು ಮಾಡಿ ಕುಕ್ಕರ್‌ಗೆ ಹಾಕಿ ಸಾರು ಮಾಡಿಬಿಟ್ಟೆ. ಅತ್ತೆ ಮಂಗಳೂರು ಕಡೆಯವರು, ಅವರು ಮಾಡಿದ ಸನ್ನದ (ಇಡ್ಲಿಯಂಥ ಅಕ್ಕಿ ತಿಂಡಿ) ಜೊತೆ ಆ ಸಾರೇ ಮೊದಲು ಖಾಲಿ. ರೋಸ್ಟ್‌ನ ಒಂದು ಕಾಲು ಇನ್ನೂ ಫ್ರಿಜ್‌ನಲ್ಲಿದೆ.