ಅಪ್‌ಡೇಟ್: 80 ಕಿ.ಮೀ. ವೇಗಕ್ಕೇ ಅಲರ್ಟ್ ಬರ್ತಿದ್ದದ್ದು ನಿಂತಿತು

ಪುಣೆಯ ಲಾರಿಗಳ ಜಿಪಿಎಸ್ ಡೇಟಾಬೇಸ್‌ನಲ್ಲಿ ಮೈಲಿಯನ್ನು ಕಿ.ಮೀ. ಮಾಡೋ ಗುಣಕ 1.6 ತೆಗೆದು 1.609344 ಹಾಕಿದ ಮೇಲೆ, ಸರಿಯಾಗಿ ಮಿತಿಯಾದ 80 ಕಿ.ಮೀ.ನಲ್ಲಿ ಹೋಗೋ ಗಾಡಿಗೂ 'ಮಿತಿ ಮೀರಿದೆ' ಅಂತ ಬರ್ತಿದೆ ಅಂತ ಹಿಂದಿನ ಪೋಸ್ಟ್‌ನಲ್ಲಿ ಅಂದಿದ್ದೆನಲ್ಲ, ಅದು ಬಗೆಹರಿಯಿತು.

ಕಾಲಮ್ ಟೈಪ್ (ಅದರಲ್ಲಿ ಯಾವ ಬಗೆಯ ಸಂಖ್ಯೆ ಕೂರುತ್ತೆ ಅನ್ನೋದು) ನೋಡಿ ಅಂತ ಉತ್ತರಿಸಿದವರ ಮಾತೇ ನಿಜ. ವೇಗ ಮೈಲಿಯಲ್ಲಿ, ಅದೂ ಇಂಟಿಜರ್ (ಪೂರ್ಣಾಂಕ) ಆಗಿ ಕೂತಿತ್ತು. 80 ಕಿ.ಮೀ. ಅಂದ್ರೆ 49.71 ಮೈಲಿ, ಅದು 50 ಆಗಿ, ವಾಪಸ್ ಬರುವಾಗ 80.47. ಹಿಂದೆ 50 × 1.6 ಸರಿಯಾಗಿ 80 ಬಂದು ತಪ್ಪು ಮುಚ್ಚಿಹೋಗ್ತಿತ್ತು, ಅಷ್ಟೇ.

ತೋರಿಸುವಾಗ ರೌಂಡ್ ಮಾಡಿ ಅನ್ನೋ ಸಲಹೆ ಬೇಡ. 81ರ ಗಾಡಿಯೂ 50 ಮೈಲಿಯೇ ಆಗಿ, 80 ಅಂತ ಪಾರಾಗುತ್ತೆ.

ಈಗ ಕಿ.ಮೀ. ನ್ಯೂಮೆರಿಕ್(6,3)ನಲ್ಲಿದೆ (ಒಟ್ಟು ಆರು ಅಂಕಿ, ಮೂರು ದಶಮಾಂಶ), ಮೈಲಿ ಅದರಿಂದ ತಾನೇ ಲೆಕ್ಕವಾಗೋ ಜನರೇಟೆಡ್ ಕಾಲಮ್ (ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಆವೃತ್ತಿ 12ರಿಂದ ಇದೆ). ಕಾಲಮ್ ಡಬಲ್ ಪ್ರಿಸಿಷನ್ (ಅಂದಾಜು ದಶಮಾಂಶದ ಟೈಪ್) ಆಗಿದ್ರೆ, ಎರಡು ದಶಮಾಂಶಕ್ಕೆ ರೌಂಡ್ ಮಾಡೋ round() ಫಂಕ್ಷನ್ ಓಡದೆ ಎರರ್ ಕೊಡುತ್ತೆ. ಮೊದಲು ನ್ಯೂಮೆರಿಕ್ ಟೈಪ್‌ಗೆ ಬದಲಾಯಿಸಿ (ಕಾಸ್ಟ್). ಹಳೇ ಸಾಲುಗಳಲ್ಲಿ ದಶಮಾಂಶ ಆಗಲೇ ಹೋಗಿರೋದ್ರಿಂದ ಗುಣಾಕಾರ ಮಾಡಿ ಉಪಯೋಗವಿಲ್ಲ, ಕಚ್ಚಾ ಲಾಗ್‌ನಿಂದಲೇ ಮತ್ತೆ ತುಂಬಬೇಕು.

ಆ ಲಾಗ್ ತೆರೆದಾಗ ಇನ್ನೊಂದು ಸಿಕ್ಕಿತು: ಜಿಪಿಎಸ್ ಸಾಧನ ಎನ್‌ಎಂಇಎ ಅನ್ನೋ ಮಾದರಿಯಲ್ಲಿ ಕಳಿಸೋ ಆರ್‌ಎಂಸಿ ಸಾಲಿನಲ್ಲಿ ವೇಗ ಇರೋದು ನಾಟ್‌ನಲ್ಲಿ (ಹಡಗಿನ ವೇಗದ ಅಳತೆ), ಲಾರಿಯಾದರೂ ಸರಿ! ಅದನ್ನ ಗಂಟೆಗೆ ಕಿ.ಮೀ. ಮಾಡೋಕೆ 1.852ರಿಂದ ಗುಣಿಸಬೇಕು.